ಅಲ್ಪವೆಚ್ಚದ ಅಲಂಕಾರ: ನಮ್ಮ ಮನೆಗೋಡೆಗಳ ಒಂದು ಚರಿತ್ರೆ

ಜರ್ಮನಿಗೆ ಬಂದಿಳಿದು ಮೊದಲ ಬಾಡಿಗೆಮನೆಯ ಬೀಗ ತೆಗೆದ ದಿನ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿರುತ್ತದೆ. ನಾಲ್ಕು ಬಿಳಿಯ ಗೋಡೆಗಳು, ಛಾವಣಿಯಿಂದ ಇಳಿಬಿದ್ದ ವಿದ್ಯುತ್ ತಂತಿ, ಎಷ್ಟೋ ವೇಳೆ ಒಲೆಯೂ ಕಟ್ಟೆಯೂ ಇಲ್ಲದ ಅಡುಗೆಮನೆ. ಠೇವಣಿ ಕಟ್ಟಿ, ಮೊದಲ ತಿಂಗಳ ಬಾಡಿಗೆ ತೆತ್ತು, ಮಂಚ ಹಾಸಿಗೆಗಳನ್ನು ಕೊಂಡ ಮೇಲೆ ಅಂದಚೆಂದಕ್ಕೆಂದು ಉಳಿಯುವ ಹಣ ಅತ್ಯಲ್ಪ. ಮನೆ ಬಿಡುವಾಗ ಮೊಳೆ ಹೊಡೆದ ತೂತುಗಳನ್ನೆಲ್ಲ ಮುಚ್ಚಿಕೊಡಬೇಕಲ್ಲ ಎಂಬ ಚಿಂತೆ ಬೇರೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಗೋಡೆಗಳು ವರ್ಷಗಟ್ಟಲೆ ಬರಿದಾಗಿಯೇ ಉಳಿಯುತ್ತವೆ. ‘ಸ್ವಂತ ಮನೆಯಾಗಲಿ, ಆಗ ನೋಡೋಣ’ ಎಂದು ನಾವು ನಮಗೇ ಸಮಾಧಾನ ಹೇಳಿಕೊಳ್ಳುತ್ತೇವೆ. ಆ ಹೊತ್ತಿಗೆ ಮಕ್ಕಳು ಬರಿಗೋಡೆಯ ನಡುವೆಯೇ ಬೆಳೆದು ದೊಡ್ಡವರಾಗಿರುತ್ತಾರೆ.

ಹಣ ಕಡಿಮೆಯಿರುವಾಗ ಮನೆಯನ್ನು ಸಿಂಗರಿಸುವುದು ಹೇಗೆಂಬ ಪ್ರಶ್ನೆ ನಮ್ಮ ಕಾಲದಲ್ಲಿ ಹುಟ್ಟಿದುದಲ್ಲ. ನಮ್ಮ ಹಿರಿಯರು ಇದಕ್ಕೆ ಬಗೆಬಗೆಯ ಉತ್ತರಗಳನ್ನು ಕಂಡುಕೊಂಡಿದ್ದರು. ಅವುಗಳಲ್ಲಿ ಮೂರನ್ನು ಇಲ್ಲಿ ನೆನೆಯಲು ಬಯಸುತ್ತೇವೆ. ಮೂರನೆಯದಕ್ಕೆ ನಾವು ಬಾಳುತ್ತಿರುವ ಈ ಬವೇರಿಯ ನಾಡಿನೊಡನೆಯೇ ನಂಟಿದೆ.

ಅಕ್ಕಿ, ಮಣ್ಣು, ನಾರು

ಮೊದಲನೆಯದು ಮಲೆನಾಡಿನ ಹಸೆ ಚಿತ್ತಾರ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಹಾಗೂ ಉತ್ತರ ಕನ್ನಡದ ಸಿದ್ದಾಪುರದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಇದನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಮಣ್ಣಿನ ಗೋಡೆಗೆ ಕೆಮ್ಮಣ್ಣು ಬಳಿದು ಹದಗೊಳಿಸುವುದು ಮೊದಲ ಕೆಲಸ. ಬಿಳಿಯ ಬಣ್ಣಕ್ಕೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕಪ್ಪಾಗುವಷ್ಟು ಹುರಿದು ಅರೆದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕೆಂಪಿಗೆ ಕೆಮ್ಮಣ್ಣು. ಪುಂಡಿಯ ನಾರನ್ನು ಜಜ್ಜಿದರೆ ಅದೇ ಕುಂಚ. ಮದುವೆಯ ಮನೆಯಲ್ಲಿ ವಧೂವರರು ಕುಳಿತುಕೊಳ್ಳುವೆಡೆಯ ಗೋಡೆಯ ಮೇಲೆ ಎಳೆಎಳೆಯಾಗಿ ಚಿತ್ತಾರ ಮೂಡುತ್ತದೆ. ಭೂಮಿ ಹುಣ್ಣಿಮೆಯಂದು ಹೊಲಕ್ಕೆ ಎಡೆ ಒಯ್ಯುವ ಬುಟ್ಟಿಯ ಮೇಲೂ ಅದೇ ಗೆರೆಗಳು ಕುಳಿತುಕೊಳ್ಳುತ್ತವೆ.

ಇಲ್ಲಿ ಅಂಗಡಿಯಿಂದ ತಂದ ವಸ್ತು ಒಂದೂ ಇಲ್ಲ. ಆದರೆ ಚಿತ್ತಾರ ಪುಕ್ಕಟೆಯದೆಂದು ಹೇಳಿದರೆ ತಪ್ಪಾದೀತು. ಹಣ ಉಳಿದಲ್ಲಿ ಕಾಲ ವ್ಯಯವಾಗಿದೆ. ಅಡುಗೆ, ಗದ್ದೆ, ಕೊಟ್ಟಿಗೆಗಳ ಕೆಲಸದ ನಡುವೆ ಬಿಡುವು ಮಾಡಿಕೊಂಡು, ತಾಯಿಯ ಪಕ್ಕದಲ್ಲಿ ಕುಳಿತು ಕಲಿತ ಕೈಗಳ ದುಡಿಮೆ ಅದು. ಮಾಸಿದ ಚಿತ್ತಾರದ ಮೇಲೆ ಮತ್ತೆ ಮಣ್ಣು ಬಳಿದು ಹೊಸತು ಬರೆಯುತ್ತಿದ್ದರು. ಆದುದರಿಂದ ಅದು ಒಮ್ಮೆ ಮಾಡಿ ಮುಗಿಸಿದ ಅಲಂಕಾರವಾಗಿರಲಿಲ್ಲ, ಬಾಳಿನೊಡನೆ ನವೀಕರಣಗೊಳ್ಳುವ ಅಲಂಕಾರವಾಗಿತ್ತು.

ಹಳೆಯ ಸೀರೆಯ ಹೊಸ ಬಾಳು

ಎರಡನೆಯದು ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹರಿದ ಸೀರೆ, ಧೋತರ, ಕುಪ್ಪಸಗಳ ತುಂಡುಗಳು ವ್ಯರ್ಥವಾಗುತ್ತಿರಲಿಲ್ಲ. ಅವುಗಳನ್ನು ಪದರಪದರವಾಗಿ ಜೋಡಿಸಿ, ಸಾಲುಸಾಲಾಗಿ ದಾರ ಓಡಿಸಿ, ಹೊದೆಯಲೂ ಹಾಸಲೂ ಆಗುವ ಕೌದಿಯನ್ನು ಹೊಲಿಯುತ್ತಿದ್ದರು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ಇಂದು ಹೊರನಾಡಿನ ಕಲಾಪ್ರದರ್ಶನಗಳವರೆಗೂ ತಲುಪಿವೆ. ಅವರ ಕೌದಿಯ ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವೆಂದು ಹೊಲಿದಿರುತ್ತಾರೆ. ಚಳಿ ತಡೆಯಲು ಆ ಹೂವಿನಿಂದ ಯಾವ ಉಪಯೋಗವೂ ಇಲ್ಲ. ಆದರೂ ಅದಿಲ್ಲದೆ ಕೆಲಸ ಮುಗಿದಂತಾಗುವುದಿಲ್ಲ.

ಬಡತನದ ಚೆಲುವನ್ನು ದೂರದಲ್ಲಿ ಕುಳಿತು ಕೊಂಡಾಡುವುದು ಸುಲಭ. ಕಂಬಳಿ ಕೊಳ್ಳಲು ಹಣವಿಲ್ಲದೆ ಕೌದಿ ಹೊಲಿದವರೇ ಹೆಚ್ಚೆಂಬುದನ್ನು ನಾವು ಮರೆಯಬಾರದು. ಹಾಗಿದ್ದೂ ಮೂಲೆಗೊಂದು ಹೂವು ಬೇಕೆನಿಸಿತಲ್ಲ, ಅದೇ ನಮ್ಮನ್ನು ನಿಲ್ಲಿಸಿ ನೋಡುವಂತೆ ಮಾಡುತ್ತದೆ. ಸೊಗಸೆಂಬುದು ಅಗತ್ಯಗಳೆಲ್ಲ ತೀರಿದ ಬಳಿಕ ಬರುವ ಐಷಾರಾಮವೆಂಬ ನಮ್ಮ ನಂಬಿಕೆಗೆ ಆ ಪುಟ್ಟ ತ್ರಿಕೋನ ಸಾಕಷ್ಟು ಉತ್ತರ ಕೊಡುತ್ತದೆ.

ಬವೇರಿಯದ ಕಲ್ಲು, ನಮ್ಮ ಲಕ್ಷ್ಮಿ

ಮೂರನೆಯ ಉತ್ತರ ಯಂತ್ರದಿಂದ ಬಂದುದು. ಅದರ ಬೇರು ಇರುವುದು ಮ್ಯೂನಿಕ್‌ನಲ್ಲಿ. 18ನೇ ಶತಮಾನದ ಕೊನೆಯ ವರ್ಷಗಳಲ್ಲಿ ಅಲೋಯ್ಸ್ ಜೆನೆಫೆಲ್ಡರ್ ಎಂಬಾತ ಇಲ್ಲಿ ಕಲ್ಲಚ್ಚಿನ ವಿಧಾನವನ್ನು ಕಂಡುಹಿಡಿದ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಕಲ್ಲನ್ನು ನೀರಿನಿಂದ ತೋಯಿಸಿದರೆ, ಆಮೇಲೆ ಬಳಿದ ಶಾಯಿ ಜಿಡ್ಡಿರುವ ಕಡೆ ಮಾತ್ರ ಹಿಡಿಯುತ್ತದೆ. ಎಣ್ಣೆ ನೀರು ಬೆರೆಯವೆಂಬ, ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿಯೇ ಇದರ ಗುಟ್ಟು. ಮುಂದೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಬಳಸಿ ಬಣ್ಣದ ಚಿತ್ರಗಳನ್ನೂ ಅಚ್ಚು ಹಾಕತೊಡಗಿದರು. ಈ ಕೆಲಸಕ್ಕೆ ತಕ್ಕ ಉತ್ತಮ ಕಲ್ಲಿಗೆ ಜಗತ್ತಿನಲ್ಲೆಲ್ಲ ಹೆಸರಾದುದು ಬವೇರಿಯದ ಆಲ್ಟ್‌ಮ್ಯೂಲ್ ನದಿಯ ಕಣಿವೆಯಲ್ಲಿರುವ ಜೋಲ್ನ್‌ಹೋಫೆನ್ ಎಂಬ ಊರು.

ಅತ್ತ ಭಾರತದಲ್ಲಿ, ತಿರುವಾಂಕೂರು ಸೀಮೆಯ ಕಿಳಿಮಾನೂರಿನಲ್ಲಿ 1848ರಲ್ಲಿ ಹುಟ್ಟಿದ ರಾಜಾ ರವಿವರ್ಮರು ಅರಮನೆಗಳಿಗಾಗಿ ತೈಲಚಿತ್ರಗಳನ್ನು ರಚಿಸುತ್ತಿದ್ದರು. ಬೇಡಿಕೆ ಅಪಾರ, ಬರೆಯುವ ಕೈಗಳು ಎರಡೇ. ಚಿತ್ರಗಳ ಅಚ್ಚುಪ್ರತಿಗಳನ್ನು ಮಾಡಿಸುವಂತೆ ಬರೋಡಾದ ದಿವಾನರಾಗಿದ್ದ ಟಿ. ಮಾಧವರಾಯರು 1880ರ ದಶಕದಲ್ಲಿ ಅವರಿಗೆ ಸಲಹೆ ನೀಡಿದ್ದರು. ಕೊನೆಗೆ 1894ರಲ್ಲಿ ಮುಂಬಯಿಯಲ್ಲಿ ರವಿವರ್ಮರ ಮುದ್ರಣಾಲಯ ಆರಂಭವಾಯಿತು. ಯಂತ್ರಗಳೂ ತಂತ್ರಜ್ಞರೂ ಬಂದುದು ಜರ್ಮನಿಯಿಂದ. ಅಲ್ಲಿ ಮೊದಲು ಅಚ್ಚಾದ ಚಿತ್ರ ಶಕುಂತಲೆಯ ಜನನದ್ದು. ಮುದ್ರಣಾಲಯವನ್ನು ಬಳಿಕ ಲೋಣಾವಳದ ಬಳಿಯ ಮಳವಲಿಗೆ ಸಾಗಿಸಲಾಯಿತು. ಆದರೆ ವ್ಯಾಪಾರ ಕೈಹಿಡಿಯದೆ, 20ನೇ ಶತಮಾನದ ಆರಂಭದಲ್ಲಿ ಅದನ್ನು ಫ್ರಿಟ್ಸ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞರಿಗೇ ಮಾರಬೇಕಾಯಿತು. ರವಿವರ್ಮರು 1906ರಲ್ಲಿ ತೀರಿಕೊಂಡರು. ಅಚ್ಚಿನ ಚಿತ್ರಗಳು ಮಾತ್ರ ದೇಶದ ಮೂಲೆಮೂಲೆಗೂ ಹರಡಿದವು.

ರವಿವರ್ಮರ ಮೂಲ ಚಿತ್ರಗಳನ್ನು ಇಂದಿಗೂ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೋಡಬಹುದು. ಅರಮನೆಯ ಗೋಡೆಗಷ್ಟೇ ಒಪ್ಪುತ್ತಿದ್ದ ಲಕ್ಷ್ಮಿಯೂ ಸರಸ್ವತಿಯೂ ಅಚ್ಚಿನ ಮೂಲಕ ಹಳ್ಳಿಯ ಪಡಸಾಲೆಗೆ ಬಂದರು. ದೇವಸ್ಥಾನದ ಬಾಗಿಲು ಯಾರ ಪಾಲಿಗೆ ಮುಚ್ಚಿತ್ತೋ ಅವರ ಮನೆಯ ಗೋಡೆಗೂ ಬಂದರು. ಕಲಾರಸಿಕರು ಕೆಲವರು ಇವನ್ನು ಅಗ್ಗದ ಅಭಿರುಚಿಯೆಂದು ಹಳಿದರು. ಆದರೆ ಅಗ್ಗವಾಗಿದ್ದುದರಿಂದಲೇ ಅವು ಎಲ್ಲರ ಸ್ವತ್ತಾದವೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಸಂಗತಿ ನಮಗೆ ಬಹಳ ಮುಖ್ಯವಾಗಿ ತೋರುತ್ತದೆ. ಅಚ್ಚಿನ ಚಿತ್ರವನ್ನು ತಂದವರು ಅದನ್ನು ಹಾಗೆಯೇ ತೂಗುಹಾಕಿ ಸುಮ್ಮನಾಗಲಿಲ್ಲ. ಎಷ್ಟೋ ಮನೆಗಳಲ್ಲಿ ದೇವಿಯ ಸೀರೆಯ ಮೇಲೆ ನಿಜವಾದ ಬಟ್ಟೆಯನ್ನು ಅಂಟಿಸಿ, ಅಂಚಿಗೆ ಜರಿ ಹೊಲಿದು, ಒಡವೆಗಳಿಗೆ ಮಣಿ ಮಿಣುಕುಗಳನ್ನು ಪೋಣಿಸಿದರು. ಅಂತಹ ಚಿತ್ರಗಳು ಇಂದು ಸಂಗ್ರಹಕಾರರ ಬಳಿ ಜೋಪಾನವಾಗಿವೆ. ಸಾವಿರಾರು ಪ್ರತಿಗಳಲ್ಲಿ ಒಂದಾಗಿದ್ದ ಕಾಗದ ಹೀಗೆ ಆ ಮನೆಯೊಂದರದೇ ಚಿತ್ರವಾಯಿತು.

ಇಂದಿಗೆ ಇದರ ಅರ್ಥವೇನು?

ಈ ಮೂರೂ ಉತ್ತರಗಳಲ್ಲಿ ಸಮಾನವಾದ ಅಂಶವೊಂದಿದೆ. ಸೊಗಸು ಕೊಂಡ ವಸ್ತುವಿನ ಬೆಲೆಯಿಂದ ಬರಲಿಲ್ಲ, ಅದಕ್ಕೆ ಮನೆಯವರ ಕೈ ಸೋಕಿದಾಗ ಬಂದಿತು. ನಾವೀಗ ದೊಡ್ಡ ಮಳಿಗೆಗಳಿಂದ ತರುವ ಬಿಡಿಭಾಗಗಳ ಕಪಾಟು, ಮೇಜುಗಳು ಅಗ್ಗವೇ ಹೌದು. ಆದರೆ ನೆರೆಮನೆಯಲ್ಲಿಯೂ ಅವೇ ಇರುತ್ತವೆ. ಅವುಗಳನ್ನು ದೂಷಿಸಬೇಕಾಗಿಲ್ಲ, ಅವು ನಮ್ಮ ಕಾಲದ ಅಚ್ಚಿನ ಚಿತ್ರಗಳು. ಅವಕ್ಕೆ ಜರಿ ಹಚ್ಚುವ ಕೆಲಸವನ್ನಷ್ಟೇ ನಾವು ಮರೆತಿದ್ದೇವೆ.

ಮಾಡಬಹುದಾದುದು ಬಹಳವಿದೆ. ಪೆಟ್ಟಿಗೆಯ ತಳದಲ್ಲಿ ಮಲಗಿರುವ ಹರಿದ ಇಳಕಲ್ ಸೀರೆಯ ಸೆರಗನ್ನು ಒಂದು ಕೋಲಿಗೆ ಪೋಣಿಸಿದರೆ, ಒಂದೇ ಮೊಳೆಯಲ್ಲಿ ಇಡೀ ಗೋಡೆ ತುಂಬುತ್ತದೆ. ಭಾನುವಾರದ ಹಳೆಸಾಮಾನಿನ ಸಂತೆಯಲ್ಲಿ, ‘ಉಚಿತ’ವೆಂದು ಬರೆದು ಬೀದಿಬದಿಯಲ್ಲಿಟ್ಟ ಪೆಟ್ಟಿಗೆಗಳಲ್ಲಿ ಒಳ್ಳೆಯ ಮರದ ಚೌಕಟ್ಟುಗಳು ಸಿಗುತ್ತವೆ. ಕೆಂಪು ಬಣ್ಣ ಬಳಿದ ಹಲಗೆಯ ಮೇಲೆ ಮಕ್ಕಳೊಡನೆ ಅಕ್ಕಿಹಿಟ್ಟಿನ ಗೆರೆ ಎಳೆದರೆ ಬಾಡಿಗೆಮನೆಯ ಗೋಡೆಗೆ ಯಾವ ಹಾನಿಯೂ ಇಲ್ಲ. ಚೌಕಟ್ಟಿನ ಹಲಗೆಯನ್ನು ಮನೆ ಬದಲಿಸುವಾಗ ಜೊತೆಗೇ ಒಯ್ಯಬಹುದು.

ಇಷ್ಟು ಮಾತ್ರ ನೆನಪಿರಲಿ. ಮಣ್ಣಿನ ಗೋಡೆಗಳು ಸಿಮೆಂಟಿನವಾದಂತೆ ಹಸೆ ಚಿತ್ತಾರವೂ ಗೋಡೆಯಿಂದಿಳಿದು ಕಾಗದ, ಬಟ್ಟೆಗಳ ಮೇಲೆ ಬಂದಿದೆ. ಕೌದಿಯೂ ಮಾರಾಟದ ವಸ್ತುವಾಗಿದೆ. ಊರಿಗೆ ಹೋದಾಗ ಅವನ್ನು ಕೊಳ್ಳುವವರು ದಯವಿಟ್ಟು ಚೌಕಾಸಿ ಮಾಡದಿರೋಣ. ಅಲ್ಪವೆಚ್ಚದಲ್ಲಿ ಮನೆ ಸಿಂಗರಿಸುವುದೆಂದರೆ ನಮ್ಮ ಕೈಗಳನ್ನು ದುಡಿಸುವುದು. ಇನ್ನೊಬ್ಬರ ಕೈದುಡಿಮೆಗೆ ಬೆಲೆ ಕಡಿಮೆ ಮಾಡುವುದಲ್ಲ.

ನಿಮ್ಮ ಮನೆಯಲ್ಲಿಯೂ ಅಜ್ಜಿ ಹೊಲಿದ ಕೌದಿಯೋ, ಜರಿ ಹಚ್ಚಿದ ಹಳೆಯ ಪಟವೋ, ಅಮ್ಮ ಕಸೂತಿ ಹಾಕಿದ ದಿಂಬಿನ ಗವುಸೋ ಇದ್ದೀತು. ಅದರ ಕಥೆಯನ್ನು ಮಕ್ಕಳಿಗೆ ಹೇಳಿ. ನಮಗೂ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಈ ವಾರಾಂತ್ಯ ಒಂದು ಗೋಡೆಯಾದರೂ ಬರಿದಾಗಿರದಿರಲಿ.