ಬಿಗ್ ಡೇಟಾ: ಹೆಸರು ಅಳಿಸಿದ ಮೇಲೂ ಉಳಿಯುವ ಹೊಣೆ

ಕಂಪ್ಯೂಟರಿನಲ್ಲಿ ಜನರ ವಿವರ ಕೂಡಿಡುವವರ ಮೇಲೆ ಕಾನೂನಿನ ಕಡಿವಾಣ ಮೊದಲು ಬಿದ್ದದ್ದು 1970ರಲ್ಲಿ, ಪಶ್ಚಿಮ ಜರ್ಮನಿಯ ಹೆಸ್ಸೆ ರಾಜ್ಯದಲ್ಲಿ. 1973ರಲ್ಲಿ ಅಮೆರಿಕದ ಸರ್ಕಾರಿ ಸಮಿತಿಯೊಂದು, ಒಂದು ಕೆಲಸಕ್ಕೆಂದು ಪಡೆದ ಮಾಹಿತಿಯನ್ನು ಕೊಟ್ಟವರ ಒಪ್ಪಿಗೆಯಿಲ್ಲದೆ ಇನ್ನೊಂದಕ್ಕೆ ಬಳಸಕೂಡದು ಎಂದು ಶಿಫಾರಸು ಮಾಡಿತು. ಆಮೇಲಿನ ದತ್ತಾಂಶ ಕಾನೂನುಗಳ ಬುನಾದಿಯಲ್ಲಿ ಈ ತತ್ತ್ವವಿದೆ.

ಕಡತದಿಂದ ಹೆಸರು, ವಿಳಾಸ ತೆಗೆದರೆ ಯಾರಿಗೂ ತೊಂದರೆಯಿಲ್ಲ ಎಂಬ ನಂಬಿಕೆ ಬಹುಕಾಲ ನಡೆದುಬಂತು. ಅದು ಕುಸಿದದ್ದು 1990ರ ದಶಕದಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ಅಳಿಸಿ ಸಂಶೋಧಕರಿಗೆ ಕೊಡಲಾಗಿತ್ತು. ಹುಟ್ಟಿದ ದಿನ, ಲಿಂಗ, ಅಂಚೆಯ ಜಿಪ್ ಕೋಡ್ ಮಾತ್ರ ಹಾಗೇ ಉಳಿದಿದ್ದವು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು 20 ಡಾಲರಿಗೆ ಕೊಂಡು ಎರಡನ್ನೂ ತಾಳೆ ಹಾಕಿದರು. ಅಲ್ಲೇ ವಾಸವಿದ್ದ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಮಂದಿ, ಅವರಲ್ಲಿ ಗಂಡಸರು ಮೂವರು, ಆ ಜಿಪ್ ಕೋಡಿನಲ್ಲಿದ್ದವರು ಒಬ್ಬರೇ. ಗವರ್ನರರ ಆಸ್ಪತ್ರೆ ದಾಖಲೆ ಯಾವುದೆಂದು ಗೊತ್ತಾಗಿಹೋಯಿತು. 2006ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಸಂಗಡಿಗರು ಇದಕ್ಕೆ ಗಣಿತದ ಪರಿಹಾರ ಕಂಡುಕೊಂಡರು. ಅಂಕಿಅಂಶಕ್ಕೆ ಅಳೆದು ಸಣ್ಣ ಏರುಪೇರು ಬೆರೆಸುವ ಈ ವಿಧಾನದಲ್ಲಿ ಒಬ್ಬ ವ್ಯಕ್ತಿಯ ವಿವರ ಇದ್ದರೂ ಇಲ್ಲದಿದ್ದರೂ ಉತ್ತರ ಹೆಚ್ಚುಕಡಿಮೆ ಒಂದೇ ಬರುತ್ತದೆ. ಅಮೆರಿಕದ 2020ರ ಜನಗಣತಿ ಇದನ್ನೇ ಬಳಸಿತು.

ಗುಟ್ಟು ಕಾಯುವುದೊಂದರಿಂದಲೇ ನ್ಯಾಯ ದೊರಕದು ಎಂಬುದು ಮುಂದಿನ ದಶಕದ ಪಾಠ. ಹೆಚ್ಚಿನ ಆರೈಕೆ ಬೇಕಾದ ರೋಗಿಗಳನ್ನು ಆರಿಸಲು ಅಮೆರಿಕದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಒಂದು ತಂತ್ರಾಂಶವನ್ನು ಸಂಶೋಧಕರು ಪರೀಕ್ಷಿಸಿ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಅದು ಕಾಯಿಲೆಯ ತೀವ್ರತೆಯನ್ನು ಚಿಕಿತ್ಸೆಯ ಖರ್ಚಿನಿಂದ ಅಂದಾಜು ಮಾಡುತ್ತಿತ್ತು. ಅಷ್ಟೇ ಕಾಯಿಲೆಯಿದ್ದರೂ ಕಪ್ಪು ಜನರ ಚಿಕಿತ್ಸೆಗೆ ಆಗುತ್ತಿದ್ದ ಖರ್ಚು ಕಡಿಮೆ. ಹಾಗಾಗಿ ಹೆಚ್ಚು ನರಳುತ್ತಿದ್ದವರೇ ಸಾಲಿನಲ್ಲಿ ಹಿಂದೆ ಬಿದ್ದರು. ಇಲ್ಲಿ ಯಾರ ಮಾಹಿತಿಯೂ ಸೋರಿರಲಿಲ್ಲ, ತಂತ್ರಾಂಶಕ್ಕೆ ಜನಾಂಗದ ವಿವರವನ್ನು ಕೊಟ್ಟಿರಲೂ ಇಲ್ಲ. ದತ್ತಾಂಶ ನೀತಿಯ ಅತಿ ಕಠಿಣ ಪ್ರಶ್ನೆ ಇದೇ: ಏನನ್ನು ಅಳೆಯಬೇಕು, ಅದನ್ನು ತೀರ್ಮಾನಿಸುವವರು ಯಾರು?

ಭಾರತದಲ್ಲಿ ಈ ಚರ್ಚೆಗೆ ಕಾನೂನಿನ ನೆಲೆ ಒದಗಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಸಲ್ಲಿಸಿದ ಅರ್ಜಿಯ ಜಾಡಿನಲ್ಲೇ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದರ ಫಲ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಅವಕಾಶವನ್ನು ಈ ಕಾಯ್ದೆ ಕೊಟ್ಟಿದೆ. ಇದು ಸಣ್ಣ ಗಳಿಕೆಯಲ್ಲ. ಆದರೆ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ವಿಶಾಲ ಅಧಿಕಾರ ಕೇಂದ್ರದ ಕೈಯಲ್ಲಿದೆ. 2018ರಿಂದ ಜಾರಿಯಲ್ಲಿರುವ ಯುರೋಪಿನ ದತ್ತಾಂಶ ಸಂರಕ್ಷಣಾ ನಿಯಮದಡಿ, ಸಾಲದ ಅರ್ಜಿಯನ್ನು ಯಂತ್ರವೊಂದೇ ತಿರಸ್ಕರಿಸಿದರೆ ಅರ್ಜಿದಾರರು ಅದನ್ನು ಪ್ರಶ್ನಿಸಿ, ಮನುಷ್ಯರೇ ಮರುಪರಿಶೀಲಿಸಲಿ ಎಂದು ಕೇಳಬಹುದು. ಅಂಥ ಹಕ್ಕು ಭಾರತದ ಕಾಯ್ದೆಯಲ್ಲಿಲ್ಲ.