ಕತ್ತಿಯ ಗಾಯಕ್ಕೆ ಪಟಿಕದ ಹರಳು

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಕೋಟೆ ಕೊತ್ತಲಗಳ ಕಡೆಗೆ ಓಡುವುದು ಸಹಜ. ಮುರುಮದವರಾದ ನಮಗೆ ಒಂದು ಕಡೆ ನಳದುರ್ಗ, ಇನ್ನೊಂದು ಕಡೆ ಬಸವಕಲ್ಯಾಣ, ತುಸು ದೂರದಲ್ಲಿ ಉದಗೀರ ಇರುವಾಗ ಹಾಗೆ ಓಡದಿದ್ದರೇ ಆಶ್ಚರ್ಯ. ಆದರೆ ಅರಸರ ಕತ್ತಿಗಳಿಂದಾದ ಗಾಯಗಳ ಲೆಕ್ಕವನ್ನು ಬಖೈರುಗಳು ಇಟ್ಟಿವೆ. ಕ್ಷೌರದ ಕತ್ತಿಯಿಂದಾದ ಗಾಯಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಮೊದಲನೆಯದು ಕೆಲವರಿಗೆ ಆದುದು, ಎರಡನೆಯದು ಎಲ್ಲರಿಗೂ ಆದುದು. ಆ ಸಣ್ಣ ಗಾಯಕ್ಕೆ ನಮ್ಮ ಹಿರಿಯರು ಏನನ್ನು ಹಚ್ಚುತ್ತಿದ್ದರು, ಏಕೆ ಹಚ್ಚುತ್ತಿದ್ದರು, ಅದರಲ್ಲಿ ಯಾವುದು ಇಂದಿಗೂ ಸಲ್ಲುವುದು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ವಿಷಯ ಕಿರಿದೆಂದು ವಾಚಕರು ಪುಟ ಮಗುಚಬಾರದಾಗಿ ಬಿನ್ನಹ.

ನಮ್ಮ ಕಡೆಯ ಹಳ್ಳಿಗಳಲ್ಲಿ ಕ್ಷೌರಿಕನು ಅಂಗಡಿ ಇಟ್ಟು ಕೂಡುತ್ತಿರಲಿಲ್ಲ. ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಮನೆಯಿಂದ ಮನೆಗೆ ಹೋಗುತ್ತಿದ್ದನು. ಇಲ್ಲವೆ ಬೇವಿನ ಮರದ ಕೆಳಗೆ ಕುಕ್ಕುರುಗಾಲಿನಲ್ಲಿ ಕುಳಿತು ಕೆಲಸ ಮಾಡುತ್ತಿದ್ದನು. ಅವನ ಸಂಬಳ ಹಣವಲ್ಲ, ಸುಗ್ಗಿಯ ಕಾಲದ ಜೋಳ. ಮರಾಠಿಯಲ್ಲಿ ಬಲುತೆ ಎಂಬುದೂ ಕನ್ನಡದಲ್ಲಿ ಆಯ ಎಂಬುದೂ ಇದೇ. ಆ ಚೀಲದೊಳಗೆ ಕತ್ತಿ, ಕತ್ತರಿ, ಉಗುರುಗತ್ತಿ, ಸಾಣೆಕಲ್ಲು, ತೊಗಲಿನ ಪಟ್ಟಿ, ನೀರಿನ ಬಟ್ಟಲು, ಕನ್ನಡಿ ಇರುತ್ತಿದ್ದವು. ಇವುಗಳ ನಡುವೆ ಕಲ್ಲುಸಕ್ಕರೆಯಂತೆ ಬೆಳ್ಳಗೆ ಹೊಳೆಯುವ ಒಂದು ಹರಳೂ ಇರುತ್ತಿದ್ದಿತು. ಗಲ್ಲದ ಮೇಲೆ ರಕ್ತದ ಹನಿ ಮೂಡಿದೊಡನೆ ಅವನು ಆ ಹರಳನ್ನು ನೀರಿನಲ್ಲಿ ಅದ್ದಿ ಗಾಯದ ಮೇಲೆ ಒರಸುತ್ತಿದ್ದನು. ಚುರ್ ಎಂದು ಉರಿದು, ಚರ್ಮ ಬಿಗಿದು, ನೆತ್ತರು ನಿಲ್ಲುತ್ತಿದ್ದಿತು. ಅದೇ ಪಟಿಕ.

ಈ ಒಂದು ಹರಳಿಗೆ ನಮ್ಮ ಗಡಿನಾಡಿನಲ್ಲಿ ಮೂರು ಹೆಸರು. ಕನ್ನಡದ ಮನೆಯಲ್ಲಿ ಪಟಿಕ, ಮರಾಠಿ ನೆರೆಮನೆಯಲ್ಲಿ ತುರಟಿ, ಉರ್ದು ಬಲ್ಲವರಲ್ಲಿ ಫಿಟಕರಿ. 1948ರ ಸೆಪ್ಟೆಂಬರದವರೆಗೆ ನಾವು ನಿಜಾಮರ ಆಳಿಕೆಯಲ್ಲಿದ್ದೆವು. ಕಚೇರಿಯ ಭಾಷೆ ಉರ್ದು. 1956ರಲ್ಲಿ ಹೈದರಾಬಾದ ಸಂಸ್ಥಾನ ಒಡೆದು ಹಂಚಿಹೋದಾಗ ಉಸ್ಮಾನಾಬಾದ ಜಿಲ್ಲೆಯೊಡನೆ ಉಮರ್ಗಾ, ಬೀದರ ಜಿಲ್ಲೆಯಿಂದ ಬೇರ್ಪಟ್ಟ ನಿಲಂಗಾ ಮತ್ತು ಉದಗೀರ ಮುಂಬಯಿ ಪ್ರಾಂತಕ್ಕೆ ಸೇರಿದವು. 1960ರ ಮೇ 1ರಂದು ಮಹಾರಾಷ್ಟ್ರವಾದವು. ಬೀದರ, ಭಾಲ್ಕಿ, ಹುಮನಾಬಾದ, ಕಲ್ಯಾಣಗಳು ಮೈಸೂರು ರಾಜ್ಯಕ್ಕೆ ಹೋದವು. ಗಡಿ ಎಲ್ಲಿ ಬಿದ್ದರೂ ಹರಳಿನ ಮೂರು ಹೆಸರುಗಳು ಮಾತ್ರ ಕೂಡಿಯೇ ಉಳಿದವು.

ಹೆಸರುಗಳನ್ನು ಅಗೆದು ನೋಡಿದರೆ ಅವುಗಳ ಕೆಳಗೂ ಇತಿಹಾಸವಿದೆ. ಪಟಿಕ, ಫಿಟಕರಿ ಎರಡೂ ಸ್ಫಟಿಕ ಎಂಬ ಸಂಸ್ಕೃತ ಶಬ್ದದ ಬಳಗದವು. ಹರಳಿನ ರೂಪವನ್ನು ನೋಡಿ ಇಟ್ಟ ಹೆಸರು. ತುರಟಿ ಎಂಬುದು ತುವರ ಎಂಬ ಶಬ್ದದ ಬಳಗದ್ದು. ತುವರವೆಂದರೆ ಒಗರು, ನಾಲಗೆಯ ಮೇಲಿನ ರುಚಿಯಿಂದ ಬಂದ ಹೆಸರು. ರಸಶಾಸ್ತ್ರದ ಗ್ರಂಥಗಳಲ್ಲಿ ಇದಕ್ಕೆ ತುವರಿ, ಕಾಂಕ್ಷಿ, ಸೌರಾಷ್ಟ್ರಿ ಎಂಬ ಪರ್ಯಾಯಗಳಿವೆ. ಸೌರಾಷ್ಟ್ರದ ಮಣ್ಣಿನಲ್ಲಿ ದೊರೆಯುವುದೆಂದೂ ಮಂಜಿಷ್ಠದ ಕೆಂಬಣ್ಣವನ್ನು ಬಟ್ಟೆಗೆ ಕಟ್ಟಿ ನಿಲ್ಲಿಸುವುದೆಂದೂ ರಸರತ್ನಸಮುಚ್ಚಯ ತಿಳಿಸುತ್ತದೆ. ಯುನಾನಿ ಹಕೀಮರು ಇದನ್ನೇ ಶಿಬ್ಬ್-ಎ-ಯಮಾನಿ, ಅಂದರೆ ಯಮನ್ ದೇಶದ ಪಟಿಕ, ಎಂದು ಕರೆದರು. ಒಂದು ಹೆಸರು ರೂಪವನ್ನು, ಒಂದು ರುಚಿಯನ್ನು, ಉಳಿದೆರಡು ವ್ಯಾಪಾರದ ದಾರಿಯನ್ನು ಹೇಳುತ್ತವೆ. ಬಣ್ಣಗಾರನ ಸರಕು, ಕೆಸರು ನೀರನ್ನು ತಿಳಿಮಾಡುವ ಸರಕು, ಕ್ಷೌರಿಕನ ಚೀಲಕ್ಕೂ ಬಂದು ಸೇರಿತು.

ಪಟಿಕ ನೆತ್ತರನ್ನು ನಿಲ್ಲಿಸುವುದು ಹೇಗೆ? ರಸಾಯನಶಾಸ್ತ್ರದ ಪ್ರಕಾರ ಅದು ಪೊಟ್ಯಾಸಿಯಂ ಮತ್ತು ಅಲ್ಯುಮಿನಿಯಂಗಳ ಜೋಡು ಸಲ್ಫೇಟು. ಅದರ ಹರಳಿನಲ್ಲಿ 12 ಅಣು ನೀರು ಸೇರಿಕೊಂಡಿರುತ್ತದೆ. ಒದ್ದೆಯ ಗಾಯದ ಮೇಲೆ ಕರಗಿದಾಗ ಅದು ಅಲ್ಲಿಯ ಪ್ರೋಟೀನುಗಳನ್ನು ಹೆಪ್ಪುಗಟ್ಟಿಸುತ್ತದೆ, ಸುತ್ತಲಿನ ಚರ್ಮವನ್ನು ಬಿಗಿಯುತ್ತದೆ, ಕೂದಲೆಳೆಗಿಂತ ಸಣ್ಣವಾದ ರಕ್ತನಾಳಗಳ ಬಾಯನ್ನು ಮುಚ್ಚುತ್ತದೆ. ಅಡಿಕೆ ಅಥವಾ ಕಾಚು ತಿಂದಾಗ ಬಾಯಿ ಬಿಗಿಯುವುದೂ ಇದೇ ಬಗೆಯ ಕ್ರಿಯೆ. ದೊಡ್ಡ ಗಾಯಕ್ಕೆ ಇದು ನಡೆಯದು, ಸಣ್ಣದಕ್ಕೆ ಸಾಕು.

ಇನ್ನು ಪ್ರಾಚೀನರ ಮಾತಿಗೆ ಬರೋಣ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ನೆತ್ತರು ನಿಲ್ಲಿಸುವ ನಾಲ್ಕು ಉಪಾಯಗಳನ್ನು ಹೇಳಿದೆ: ಸಂಧಾನ, ಸ್ಕಂದನ, ಪಾಚನ, ದಹನ. ಒಗರು ವಸ್ತು ಗಾಯವನ್ನು ಕೂಡಿಸುವುದು; ತಂಪು ನೆತ್ತರನ್ನು ಗಟ್ಟಿಮಾಡುವುದು; ಬೂದಿ ಪಾಚನ ಮಾಡುವುದು; ಸುಡುವಿಕೆ ನಾಳವನ್ನು ಕುಗ್ಗಿಸುವುದು. ಸುಶ್ರುತನು ಶಸ್ತ್ರವೈದ್ಯರಿಗಾಗಿ ಬರೆದುದು ನಿಜ. ಆದರೆ ನಮ್ಮ ಬೇವಿನ ಮರದ ಕೆಳಗಿನ ವೈದ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಪಟಿಕವೂ ಕಾಚಿನ ಪುಡಿಯೂ ಒಗರು. ಕ್ಷೌರವಾದ ಮೇಲೆ ಎರಚುವ ತಣ್ಣೀರು ತಂಪು. ಹತ್ತಿಯ ಅರಳೆಯನ್ನು ಸುಟ್ಟು ಗಾಯಕ್ಕೆ ಒತ್ತುವುದು ಬೂದಿ. ನಾಲ್ಕನೆಯದಾದ ಸುಡುವಿಕೆಯನ್ನು ಬಿಟ್ಟು ಉಳಿದ ಮೂರನ್ನೂ ಅಕ್ಷರ ಕಲಿಯದ ಕ್ಷೌರಿಕನು ಬಲ್ಲವನಾಗಿದ್ದನು. ಗ್ರಂಥದಿಂದ ಕೈಗೆ ಬಂದಿತೋ, ಕೈಯಿಂದ ಗ್ರಂಥಕ್ಕೆ ಹೋಯಿತೋ, ಅದನ್ನು ವಿದ್ವಾಂಸರು ಚರ್ಚಿಸಲಿ. ಎರಡೂ ಕಡೆ ಒಂದೇ ಅನುಭವವಿತ್ತೆಂಬುದು ನಮಗೆ ಸಾಕು.

ಜೇಡರಬಲೆಯನ್ನು ಗಾಯಕ್ಕೆ ಅಂಟಿಸುವ ರೂಢಿಯೂ ಉಂಟು. ಇದು ನಮ್ಮಲ್ಲಿಯ ಮೂಢತನವೆಂದು ನಗುವವರು ಒಂದು ಸಂಗತಿಯನ್ನು ಅರಿಯಬೇಕು. ಕ್ರಿಸ್ತಶಕ 79ರಲ್ಲಿ ತೀರಿಕೊಂಡ ರೋಮದ ಪ್ಲಿನಿಯು ತನ್ನ ನಿಸರ್ಗ ಚರಿತ್ರೆಯಲ್ಲಿ ಕ್ಷೌರದಂಗಡಿಯ ಗಾಯಗಳ ರಕ್ತವನ್ನು ಜೇಡರಬಲೆ ನಿಲ್ಲಿಸುವುದೆಂದು ಬರೆದಿದ್ದಾನೆ. ರೋಮದ ಗಲ್ಲವೂ ಮುರುಮದ ಗಲ್ಲವೂ ಒಂದೇ ರೀತಿ ಕೊಯ್ದುಕೊಂಡವು. ಗೋಡೆಯ ಮೂಲೆಗೆ ಕೈ ಚಾಚಿದ ಬಗೆಯೂ ಒಂದೇ. ಬಲೆಯ ನೂಲಿನ ಜಾಲ ನೆತ್ತರು ಹೆಪ್ಪುಗಟ್ಟಲು ಆಸರೆಯಾಗುತ್ತದೆ. ಸಾಬೂನಿನ ಕಾಲ ಬಂದ ಮೇಲೆ ವರ್ತಮಾನಪತ್ರದ ಚೂರನ್ನು ಹರಿದು ಗಲ್ಲಕ್ಕೆ ಅಂಟಿಸಿಕೊಂಡ ಮಾಸ್ತರರು ಮಾಡಿದುದೂ ಅದನ್ನೇ.

ಅರಿಸಿನದ ಮಾತನ್ನು ಬಿಡುವಂತಿಲ್ಲ. ಅಡಿಗೆಯ ಮನೆಯಲ್ಲಿ ಸದಾ ಕೈಗೆ ಸಿಗುವ ಔಷಧ ಅದೊಂದೇ. ಅರಿಸಿನದಲ್ಲಿರುವ ಹಳದಿ ಸತ್ವಕ್ಕೆ ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಿದೆಯೆಂದು ಇಂದಿನ ಪ್ರಯೋಗಶಾಲೆಗಳು ಕಂಡಿವೆ. ಸುಣ್ಣ ಬೆರೆಸಿದಾಗ ಅದು ಕೆಂಪಾಗುವುದನ್ನು ಮಕ್ಕಳು ಬಲ್ಲರು. ಸುಣ್ಣದ ಕ್ಷಾರದಿಂದ ಬಣ್ಣ ತಿರುಗುವುದೇ ಹೊರತು ಅದು ನೆತ್ತರಲ್ಲ. ಹೊಲದ ಬದುವಿನಲ್ಲಾದರೆ ಮರಾಠಿಗರು ದಗಡಿಪಾಲಾ ಎನ್ನುವ, ಕಲ್ಲುಸಂದಿಯಲ್ಲಿ ಬೆಳೆದು ಹಳದಿ ನಡುವಿನ ಸಣ್ಣ ಹೂ ಬಿಡುವ ಗಿಡದ ಎಲೆಯನ್ನು ಅಂಗೈಯಲ್ಲಿ ಹೊಸೆದು ರಸ ಹಿಂಡುವರು. ಇದನ್ನು ಋಷಿಗಳ ಕಾಲದ ಮೂಲಿಕೆಯೆಂದು ಹಲವರು ನಂಬಿದ್ದಾರೆ. ಆದರೆ ಆ ಗಿಡದ ತವರು ಅಮೇರಿಕಾ ಖಂಡದ ಉಷ್ಣಪ್ರದೇಶ! ಕೊಲಂಬಸನು 1492ರಲ್ಲಿ ದಾರಿ ತೆರೆದ ಮೇಲೆಯೇ ಅದು ಇತ್ತ ಬಂದುದು. ಹಳೆಯದೆಂದು ನಾವು ಹೇಳುವುದೆಲ್ಲ ಅಷ್ಟೇನೂ ಹಳೆಯದಲ್ಲ. ನಮ್ಮ ರೈತರು ಹೊಸ ಗಿಡವನ್ನೂ ಪರೀಕ್ಷಿಸಿ ತಮ್ಮದನ್ನಾಗಿ ಮಾಡಿಕೊಂಡರೆಂಬುದು ಇದರಿಂದ ತಿಳಿಯುತ್ತದೆ.

ಹರಳನ್ನು ಹಿಡಿದ ಕೈಯನ್ನು ಕುರಿತೂ ಎರಡು ಮಾತು ಹೇಳಬೇಕು. 12ನೆಯ ಶತಮಾನದಲ್ಲಿ ನಮ್ಮ ನೆರೆಯ ಕಲ್ಯಾಣದಲ್ಲಿ ಬಸವಣ್ಣನವರ ಬಳಿಯಿದ್ದ ಹಡಪದ ಅಪ್ಪಣ್ಣನು ವಚನಕಾರ. ಆತನ ಪತ್ನಿ ಲಿಂಗಮ್ಮನೂ ವಚನಗಾರ್ತಿ. ಹಡಪವೆಂದರೆ ವೀಳ್ಯದ ಚೀಲ. ಕನ್ನಡನಾಡಿನ ಕ್ಷೌರಿಕ ಸಮಾಜದವರು ಅಪ್ಪಣ್ಣನನ್ನು ತಮ್ಮ ಹಿರಿಯನೆಂದು ಗೌರವಿಸುತ್ತಾರೆ. ಮರಾಠಿ ವಾರಕರಿಗಳು ಸಂತ ಸೇನಾ ನ್ಹಾವಿಯ ಅಭಂಗಗಳನ್ನು ಹಾಡುತ್ತಾರೆ. ಎರಡು ಭಾಷೆಯವರೂ ಈ ವೃತ್ತಿಯವರಲ್ಲಿ ಸಂತರನ್ನು ಕಂಡರು. ಆದರೂ ಬೆಳಗ್ಗೆ ಎದುರಿಗೆ ಬಂದ ಕ್ಷೌರಿಕನನ್ನು ಅಪಶಕುನವೆಂದು ಹಳಿಯುವುದನ್ನು ಬಿಡಲಿಲ್ಲ. ಗಾಯಕ್ಕೆ ಮದ್ದು ಹಚ್ಚುವ ಕೈಯನ್ನು ಮುಟ್ಟಿದ ಮೇಲೆ ಮೀಯಬೇಕೆಂಬ ಕಟ್ಟಳೆಯನ್ನು ಮಾಡಿದವರು ನಾವೇ ಅಲ್ಲವೆ?

ಅದಕ್ಕೂ ಕಠೋರವಾದ ಮಾತು ಇನ್ನೊಂದಿದೆ. ಊರ ಹೊರಗಿನ ಕೇರಿಯವರಿಗೆ ಊರಿನ ಕ್ಷೌರಿಕನ ಕತ್ತಿ ದೊರೆಯುತ್ತಿರಲಿಲ್ಲ. ಅವರು ತಮ್ಮತಮ್ಮೊಳಗೆ ಒಬ್ಬರಿಗೊಬ್ಬರು ಕ್ಷೌರ ಮಾಡಿಕೊಂಡರು. ಆದ ಗಾಯಕ್ಕೆ ಒಲೆಯ ಬೂದಿಯನ್ನು ಹಚ್ಚಿಕೊಂಡರು. ಇದು ಕ್ಷೌರಿಕನೊಬ್ಬನ ದೋಷವಲ್ಲ. ಆ ಕೇರಿಗೆ ಕಾಲಿಟ್ಟರೆ ಅವನ ಆಯದ ಜೋಳ ನಿಲ್ಲುತ್ತಿದ್ದಿತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಅಂಗಡಿ ಎಂಬ ಶಬ್ದದ ಅರ್ಥದಲ್ಲಿ ಕ್ಷೌರದ ಅಂಗಡಿಯನ್ನೂ ಹೆಸರು ಹಿಡಿದು ಸೇರಿಸಿತು. ದೇಶದ ಕಾನೂನಿನಲ್ಲಿ ಕ್ಷೌರದಂಗಡಿಯ ಹೆಸರನ್ನು ಬರೆಯಬೇಕಾಗಿ ಬಂದಿತೆಂದರೆ ರೋಗ ಎಷ್ಟು ಆಳಕ್ಕೆ ಇಳಿದಿತ್ತೆಂಬುದನ್ನು ಊಹಿಸಬಹುದು. ಹಳೆಯ ಮನೆಮದ್ದುಗಳನ್ನು ಕೊಂಡಾಡುವಾಗ, ಆ ಮದ್ದು ಯಾರ ಗಲ್ಲವನ್ನು ಮುಟ್ಟಿತು, ಯಾರ ಗಲ್ಲವನ್ನು ಮುಟ್ಟಲಿಲ್ಲ ಎಂದು ಕೇಳದಿದ್ದರೆ ನಮ್ಮ ಇತಿಹಾಸ ಅರ್ಧ ಸತ್ಯವಾದೀತು.

ಈ ವೃತ್ತಿಯವರೇ ಕತ್ತಿಯನ್ನು ಕೆಳಗಿಟ್ಟ ಪ್ರಸಂಗವೂ ಉಂಟು. 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವ ಕೆಲಸವನ್ನು ಇನ್ನು ಮಾಡೆವೆಂದು ನಿಶ್ಚಯಿಸಿದರು. ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆಯವರು ಅವರಿಗೆ ಬೆಂಬಲವಾಗಿದ್ದರು. ಪಟಿಕದಿಂದ ಮಾಯದ ಗಾಯಗಳು ಉಂಟೆಂಬುದನ್ನು ಅವರು ಪಂಡಿತರಿಗಿಂತ ಮೊದಲೇ ಅರಿತಿದ್ದರು.

ಹೊಸ ಕಾಲ ಹೊಸ ಸಲಕರಣೆಗಳನ್ನು ತಂದಿತು. ಅಮೇರಿಕೆಯ ಜಿಲೆಟ್ಟನಿಗೆ 1904ರಲ್ಲಿ ಎರಡು ಬಾಯಿಯ ತೆಳು ಬ್ಲೇಡಿನ ಹಕ್ಕುಪತ್ರ ದೊರೆಯಿತು. ಮೊದಲನೆಯ ಮಹಾಯುದ್ಧದ ಸಿಪಾಯಿಗಳ ಮೂಲಕ ಆ ಸಲಕರಣೆ ಮನೆಮನೆಗೆ ಹರಡಿತು. ಆಳವಾದ ಗಾಯ ತಪ್ಪಿತು, ಸಣ್ಣ ಗಾಯ ಉಳಿಯಿತು. ಅದೇ ಯುದ್ಧಕಾಲದಲ್ಲಿ ರೋಗದ ಕುದುರೆಗಳ ಕೂದಲಿನಿಂದ ಮಾಡಿದ ಕುಂಚಗಳು ಸೈನಿಕರ ಕೊಯ್ದ ಗಲ್ಲಕ್ಕೆ ಆಂಥ್ರಾಕ್ಸ್ ರೋಗವನ್ನು ಅಂಟಿಸಿದುದೂ ಉಂಟು. ಕಡಲಕಳೆಯ ಬೂದಿಯಿಂದ 1811ರಲ್ಲಿ ಕಂಡುಹಿಡಿದ ಐಯೊಡೀನು ಟಿಂಕ್ಚರಿನ ರೂಪದಲ್ಲಿ ಶಾಲೆಯ ಔಷಧ ಪೆಟ್ಟಿಗೆಗೆ ಬಂದಿತು. ಕಲಕತ್ತೆಯಲ್ಲಿ 1929ರಲ್ಲಿ ಹುಟ್ಟಿದ ಬೋರೋಲಿನ್ ಹಸಿರು ಕೊಳವೆಯಲ್ಲಿ ಬಂದಿತು.

ವಿಜ್ಞಾನ ತಂದ ಎಚ್ಚರಿಕೆ ಇವೆಲ್ಲಕ್ಕಿಂತ ದೊಡ್ಡದು. ಧನುರ್ವಾತದ ಜೀವಿ ಮಣ್ಣಿನಲ್ಲಿದೆಯೆಂದು 1884ರಲ್ಲಿ ನಿಕೊಲಾಯರ್ ತೋರಿಸಿದನು. 1889ರಲ್ಲಿ ಜಪಾನಿನ ಕಿಟಾಸಾಟೊ ಅದನ್ನು ಬೇರ್ಪಡಿಸಿದನು. ಆದುದರಿಂದ ಗಾಯಕ್ಕೆ ಮಣ್ಣು, ಸೆಗಣಿ, ಧೂಳು ಕುಳಿತ ಜೇಡರಬಲೆ ಸಲ್ಲವು. ಪಟಿಕ ಹಾಗಲ್ಲ, ಆದರೆ ಒಂದೇ ಹರಳು ಹತ್ತು ಗಲ್ಲಗಳ ಮೇಲೆ ತಿರುಗುವುದು ಅಪಾಯ. 1965ರಲ್ಲಿ ಬ್ಲಂಬರ್ಗ್ ಪ್ರಕಟಿಸಿದ ಶೋಧದಿಂದ ಬೆಳಕಿಗೆ ಬಂದ ಹೆಪಟೈಟಿಸ್-ಬಿ ವೈರಾಣು ದೇಹದ ಹೊರಗೆ ಒಣಗಿದ ರಕ್ತದ ಕಲೆಯಲ್ಲಿಯೂ 7 ದಿನ ಜೀವಿಸಬಲ್ಲದು. ಕಣ್ಣಿಗೆ ಶುಭ್ರವಾಗಿ ಹೊಳೆಯುವ ಹರಳು ಶುದ್ಧವೇ ಆಗಿರಬೇಕೆಂದಿಲ್ಲ. ಬ್ಲೇಡು ಪ್ರತಿಯೊಬ್ಬರಿಗೂ ಹೊಸದು, ಪಟಿಕ ಅವರವರ ಮನೆಯದು, ಇಷ್ಟಾದರೆ ಸಾಕು. ಗಾಯವನ್ನು ಮೊದಲು ನೀರಿನಿಂದ ತೊಳೆದು, ಶುಭ್ರವಾದ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿದರೆ ಹೆಚ್ಚಿನ ಗಾಯಗಳು ತಾವಾಗಿಯೇ ನಿಲ್ಲುವವು.

ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ಅರಿಕೆ. ಒಂದು ಚೂರು ಪಟಿಕವನ್ನು ತರಗತಿಗೆ ತನ್ನಿರಿ. ಕೆಸರು ನೀರಿನ ಗ್ಲಾಸಿನಲ್ಲಿ ಅದನ್ನು ತಿರುಗಿಸಿ, ಮಣ್ಣು ತಳಕ್ಕೆ ಇಳಿಯುವುದನ್ನು ಮಕ್ಕಳಿಗೆ ತೋರಿಸಿರಿ. ಅದು ವಿಜ್ಞಾನದ ಪಾಠ. ಅದರ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆಯಿರಿ. ಅದು ಭಾಷೆಯ ಪಾಠ. ಈ ಹರಳು ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂದು ಕೇಳಿರಿ. ಅದು ಚರಿತ್ರೆಯ ಪಾಠ. ಮೂರು ಪಾಠಗಳಿಗೂ ತಗಲುವ ಖರ್ಚು ಅತ್ಯಲ್ಪ. ವಿದ್ಯಾರ್ಥಿಗಳು ಮನೆಗೆ ಹೋಗಿ ಅಜ್ಜಂದಿರನ್ನು ವಿಚಾರಿಸಿ, ಇಂಥ ಮದ್ದುಗಳ ಕನ್ನಡ ಹೆಸರುಗಳನ್ನು ಬರೆದು ತರಲಿ. ಗಡಿಯ ಈಚೆಗಿರುವ ನಮಗೆ ಕನ್ನಡ ಉಳಿಯುವುದು ಸಭೆಗಳ ಭಾಷಣದಲ್ಲಿ ಮಾತ್ರವಲ್ಲ. ಚಿಕ್ಕ ಗಾಯವಾದಾಗ ಮಗು ಯಾವ ಭಾಷೆಯಲ್ಲಿ ಮದ್ದನ್ನು ಕೇಳುವುದೋ ಅಲ್ಲಿಯೂ ಉಳಿಯಬೇಕಾಗಿದೆ.