ಸರ್ವರ್ ಬರೆದ ಭೂಪಟ

1993ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಸ್ಟೀವ್ ಪುಟ್ಜ್ ಒಂದು ಭೂಪಟವನ್ನು ಜಾಲಕ್ಕೆ ಬಿಟ್ಟರು. ನೋಡುವವರು ಜಗತ್ತಿನ ನಕ್ಷೆಯ ಮೇಲೆ ಎಲ್ಲಾದರೂ ಕ್ಲಿಕ್ ಮಾಡಿದರೆ ಆ ಜಾಗದ ಗುರುತು ಸರ್ವರಿಗೆ ಹೋಗುತ್ತಿತ್ತು. ಅಲ್ಲಿ ಪರ್ಲ್ ಭಾಷೆಯ ಒಂದು ಪ್ರೋಗ್ರಾಂ ಸುತ್ತಲಿನ ನಕ್ಷೆಯನ್ನು ಹೊಸದಾಗಿ ಎಳೆಸಿ, ಜಿಫ್ ಚಿತ್ರವಾಗಿ ಹಿಂದಕ್ಕೆ ಕಳಿಸುತ್ತಿತ್ತು. ವೆಬ್ ಪುಟವೆಂದರೆ ಡಿಸ್ಕಿನಲ್ಲಿ ಮೊದಲೇ ಬರೆದಿಟ್ಟ ಕಡತ ಎಂಬ ತಿಳಿವಳಿಕೆಯೇ ಇದ್ದ ಕಾಲವದು. ಕೇಳಿದಾಗಲೇ ಹುಟ್ಟುವ ಪುಟಕ್ಕೆ ಈ ಭೂಪಟ ಆರಂಭದ ಮಾದರಿಗಳಲ್ಲೊಂದಾಯಿತು. ಎಳೆಯುವ ಕೆಲಸವೆಲ್ಲ ಸರ್ವರಿನದು, ಬ್ರೌಸರಿನದು ತೋರಿಸುವ ಕೆಲಸ ಮಾತ್ರ. ಮುಂದಿನ ಮೂವತ್ತು ವರ್ಷಗಳಲ್ಲಿ ಈ ಹಂಚಿಕೆ ಹಲವು ಸಲ ಬದಲಾಯಿತು, ಬದಲಾದಾಗಲೆಲ್ಲ ಹೊಸ ಬಗೆಯ ದೋಷಗಳು ತಲೆದೋರಿದವು. ಇಂದು ನಕ್ಷೆಯ ತಾಣ ಕಟ್ಟುವವರನ್ನು ಕಾಡುವ ತೊಂದರೆಗಳಲ್ಲಿ ಹೆಚ್ಚಿನವು ಯಾವುದೋ ಒಂದು ವರ್ಷ ಯಾರೋ ಕೈಗೊಂಡ ತೀರ್ಮಾನದ ಕುರುಹುಗಳು.

ಪುಟ್ಜ್ ತೋರಿಸಿದ ದಾರಿಯನ್ನು ಎಲ್ಲರೂ ಬಳಸುವ ಉಪಕರಣವಾಗಿ ಮಾಡಿದ್ದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯ. ನಾಸಾದ ನೆರವಿನಿಂದ, ಆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಜೊತೆಗೂಡಿ ನಡೆದ ಅರಣ್ಯ ಮಾಹಿತಿಯ ಯೋಜನೆಯೊಂದರಲ್ಲಿ 1990ರ ದಶಕದ ನಡುವೆ ಸ್ಟೀವ್ ಲೈಮ್ ಮ್ಯಾಪ್‌ಸರ್ವರ್ ಎಂಬ ತಂತ್ರಾಂಶವನ್ನು ಬರೆದರು. ಅದಕ್ಕೆ ಬೇಕಾದುದು ಒಂದು ಮ್ಯಾಪ್‌ಫೈಲ್: ಯಾವ ಪದರ, ಯಾವ ಕಡತ, ಯಾವ ಬಣ್ಣ, ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಯಾವ ಪ್ರಕ್ಷೇಪ ಎಂದು ಸಾಲುಸಾಲಾಗಿ ಬರೆದ ಪಠ್ಯ. ಕಡತದ ದಾರಿ ಒಂದಕ್ಷರ ತಪ್ಪಿದರೂ, ವೆಬ್ ಸರ್ವರಿನ ಬಳಕೆದಾರನಿಗೆ ಆ ಫೋಲ್ಡರನ್ನು ಓದುವ ಅನುಮತಿ ಇಲ್ಲದಿದ್ದರೂ, ಪ್ರಕ್ಷೇಪಗಳ ಲೆಕ್ಕ ಮಾಡುವ ಪ್ರಾಜ್ ಗ್ರಂಥಾಲಯಕ್ಕೆ ತನ್ನ ಕೋಷ್ಟಕ ಸಿಗದಿದ್ದರೂ ನಕ್ಷೆ ಬರುವುದಿಲ್ಲ. ತೊಡಕೆಂದರೆ, ಏನು ತಪ್ಪಿದೆ ಎಂದು ಸರ್ವರ್ ಸ್ಪಷ್ಟವಾಗಿಯೇ ಹೇಳುತ್ತದೆ, ಆದರೆ ಹೇಳುವುದು ಪಠ್ಯದಲ್ಲಿ. ಬ್ರೌಸರ್ ಕಾಯುತ್ತಿರುವುದು ಚಿತ್ರಕ್ಕಾಗಿ. ಚಿತ್ರದ ಜಾಗಕ್ಕೆ ಪಠ್ಯ ಬಂದಾಗ ಅದು ಒಡೆದ ಚಿತ್ರದ ಗುರುತನ್ನಷ್ಟೇ ತೋರಿಸಿ ಸುಮ್ಮನಾಗುತ್ತದೆ. ಆ ಚಿತ್ರದ ವಿಳಾಸವನ್ನು ನಕಲು ಮಾಡಿ ಬೇರೊಂದು ಕಿಟಕಿಯಲ್ಲಿ ತೆರೆದರೆ ದೋಷದ ವಾಕ್ಯ ಕಣ್ಣಿಗೆ ಬೀಳುತ್ತದೆ. ಇಷ್ಟು ಸರಳವಾದ ಈ ಪರೀಕ್ಷೆಗೆ ಸಮನಾದ ಮೊದಲ ಹೆಜ್ಜೆ ಇಂದಿಗೂ ಇಲ್ಲ.

ಒಂದೊಂದು ಸರ್ವರ್ ಒಂದೊಂದು ಬಗೆಯಲ್ಲಿ ಮಾತನಾಡುವ ತೊಂದರೆಯನ್ನು ನೀಗಲು, 1994ರಲ್ಲಿ ಸ್ಥಾಪನೆಯಾಗಿದ್ದ ಓಪನ್ ಜಿಐಎಸ್ ಒಕ್ಕೂಟ 2000ದಲ್ಲಿ ವೆಬ್ ಮ್ಯಾಪ್ ಸರ್ವಿಸ್ ಎಂಬ ಶಿಷ್ಟತೆಯನ್ನು ಹೊರತಂದಿತು. ಯಾವ ಪದರ, ಯಾವ ಚೌಕಟ್ಟಿನ ಭೂಭಾಗ, ಎಷ್ಟು ಅಗಲ, ಎಷ್ಟು ಎತ್ತರ ಎಂದು ವಿಳಾಸದಲ್ಲೇ ಬರೆದು ಕೇಳಿದರೆ ಚಿತ್ರ ಸಿಗುತ್ತದೆ. ದೋಷವನ್ನು ಹೇಳುವ ಕ್ರಮವನ್ನೂ ಈ ಶಿಷ್ಟತೆ ಗೊತ್ತುಮಾಡಿತು: ದೋಷದ ವಾಕ್ಯವನ್ನು ಎಕ್ಸ್‌ಎಂಎಲ್ ರೂಪದಲ್ಲಿ ಪಡೆಯಬಹುದು, ಬೇಕಾದರೆ ಆ ವಾಕ್ಯವನ್ನು ಚಿತ್ರದ ಮೇಲೆಯೇ ಬರೆದುಕೊಡು ಎಂದೂ ಕೇಳಬಹುದು. ಎರಡನೆಯ ಸೌಲಭ್ಯವನ್ನು ಬಳಸುವವರು ಕಡಿಮೆ. ನಕ್ಷೆ ಕಟ್ಟುವ ಹಂತದಲ್ಲಿ ಅದು ಉಳಿಸುವ ಸಮಯ ಮಾತ್ರ ಬಹಳ.

ಇದೇ ಶಿಷ್ಟತೆಯ 1.3.0 ಆವೃತ್ತಿ 2004ರಲ್ಲಿ ಬಂದಾಗ ಇನ್ನೊಂದು ತೊಡಕು ಸೇರಿಕೊಂಡಿತು. ಗಣಿತ ಕಲಿತವರು ಮೊದಲು ಅಡ್ಡ ಅಳತೆ, ಆಮೇಲೆ ಉದ್ದದ ಅಳತೆ ಬರೆಯುತ್ತಾರೆ, ಅಂದರೆ ರೇಖಾಂಶ ಮೊದಲು. ನಾವಿಕರೂ ಭೂಮಾಪಕರೂ ಅಕ್ಷಾಂಶವನ್ನು ಮೊದಲು ಹೇಳುತ್ತಾರೆ. ಹಳೆಯ ಆವೃತ್ತಿಗಳು ಮೊದಲ ಪದ್ಧತಿಯಲ್ಲಿದ್ದವು, 1.3.0 ಆವೃತ್ತಿ ಮಾತ್ರ ಅಕ್ಷಾಂಶ ರೇಖಾಂಶಗಳಲ್ಲೇ ಕೇಳುವ 4326 ಎಂಬ ಸಂಕೇತದ ನಿರ್ದೇಶಾಂಕಗಳಿಗೆ ಎರಡನೆಯದನ್ನು ಒಪ್ಪಿಕೊಂಡಿತು. ಬೆಂಗಳೂರು ಇರುವುದು 12.97 ಉತ್ತರ ಅಕ್ಷಾಂಶ, 77.59 ಪೂರ್ವ ರೇಖಾಂಶದಲ್ಲಿ. ಇವೆರಡನ್ನು ಅದಲುಬದಲು ಮಾಡಿದರೆ ಗುರುತು ಹೋಗಿ ಬೀಳುವುದು ನಾರ್ವೆಯ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಹಿಮಸಾಗರದಲ್ಲಿ. ತಮ್ಮ ಊರಿನ ಬಿಂದುಗಳು ಧ್ರುವದ ಹತ್ತಿರ ಕಂಡರೆ ಅದಲುಬದಲನ್ನು ಶಂಕಿಸಬೇಕು. ಆಫ್ರಿಕದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿ ಗುಂಪಾಗಿ ಕಂಡರೆ ನಿರ್ದೇಶಾಂಕಗಳು ಖಾಲಿಯಾಗಿ ಸೊನ್ನೆಯಾಗಿವೆ ಎಂದು ತಿಳಿಯಬೇಕು.

ನಕ್ಷೆಯ ದತ್ತಾಂಶ ಬಿಡಿ ಕಡತಗಳಿಂದ ದತ್ತಸಂಚಯಕ್ಕೆ ಬಂದ ದಾರಿಯಲ್ಲಿ 2001 ಒಂದು ಮುಖ್ಯ ವರ್ಷ. ಆ ವರ್ಷ ಕೆನಡಾದ ವಿಕ್ಟೋರಿಯ ನಗರದ ರಿಫ್ರಾಕ್ಷನ್ಸ್ ರಿಸರ್ಚ್ ಸಂಸ್ಥೆ ಪೋಸ್ಟ್‌ಗ್ರೆಸ್ ದತ್ತಸಂಚಯಕ್ಕೆ ಪೋಸ್ಟ್‌ಜಿಐಎಸ್ ಎಂಬ ವಿಸ್ತರಣೆಯನ್ನು ಬಿಡುಗಡೆ ಮಾಡಿತು. ಪ್ರತಿ ಆಕೃತಿಗೂ ಅದು ಯಾವ ನಿರ್ದೇಶಾಂಕ ವ್ಯವಸ್ಥೆಯದು ಎಂಬ ಒಂದು ಸಂಖ್ಯೆ ಅಂಟಿಕೊಂಡಿರುತ್ತದೆ. ಎರಡು ಬೇರೆ ಸಂಖ್ಯೆಗಳ ಆಕೃತಿಗಳನ್ನು ಒಟ್ಟಿಗೆ ಹೋಲಿಸಲು ಹೋದರೆ ಪೋಸ್ಟ್‌ಜಿಐಎಸ್ ಒಪ್ಪುವುದಿಲ್ಲ. ಅದು ಒಪ್ಪದಿರುವುದೇ ಕ್ಷೇಮ. ಅಪಾಯ ಇರುವುದು ಅದು ಒಪ್ಪಿಬಿಡುವ ಕಡೆ. ಬೆಂಗಳೂರಿಗೂ ಮೈಸೂರಿಗೂ ದೂರ ಎಷ್ಟೆಂದು ಅಕ್ಷಾಂಶ ರೇಖಾಂಶಗಳಲ್ಲೇ ಕೇಳಿದರೆ ಸುಮಾರು 1.16 ಎಂಬ ಉತ್ತರ ಬರುತ್ತದೆ. ಅದು ಡಿಗ್ರಿ, ನೇರ ದೂರ ಸುಮಾರು 125 ಕಿಲೋಮೀಟರ್. ದೋಷದ ಸಂದೇಶವಿಲ್ಲದೆ ಬರುವ ಇಂಥ ತಪ್ಪುಗಳಿಗೆ 2010ರಲ್ಲಿ ಬಂದ 1.5 ಆವೃತ್ತಿಯ ಜಿಯಾಗ್ರಫಿ ಎಂಬ ದತ್ತಪ್ರಕಾರ ಪರಿಹಾರ ಕೊಟ್ಟಿತು. ಅದು ದೂರವನ್ನು ಮೀಟರಿನಲ್ಲೇ ಹೇಳುತ್ತದೆ.

2005ರ ಫೆಬ್ರವರಿ 8ರಂದು ಗೂಗಲ್ ಮ್ಯಾಪ್ಸ್ ಬಂತು. ಸಿಡ್ನಿಯಲ್ಲಿ ಲಾರ್ಸ್ ಮತ್ತು ಯೆನ್ಸ್ ರಾಸ್ಮುಸೆನ್ ಸೋದರರು ಕಟ್ಟುತ್ತಿದ್ದ ತಂತ್ರಾಂಶವನ್ನು ಗೂಗಲ್ ಹಿಂದಿನ ವರ್ಷ ಕೊಂಡಿತ್ತು. ಕೇಳಿದಾಗ ಎಳೆಯುವ ಬದಲು, ಇಡೀ ಜಗತ್ತನ್ನು 256 ಪಿಕ್ಸೆಲ್ ಚದರದ ಬಿಲ್ಲೆಗಳಾಗಿ ಮೊದಲೇ ಬರೆದಿಡುವುದು ಇಲ್ಲಿನ ಉಪಾಯ. ಮೊದಲ ಹಂತದಲ್ಲಿ ಒಂದೇ ಬಿಲ್ಲೆ, ಹಂತ ಏರಿದಂತೆ ನಾಲ್ಕು ಪಟ್ಟು. ಸೊನ್ನೆಯಿಂದ ಎಣಿಸಿ 18ನೆಯ ಹಂತಕ್ಕೆ ಬರುವ ಹೊತ್ತಿಗೆ 6,871 ಕೋಟಿಗೂ ಹೆಚ್ಚು ಬಿಲ್ಲೆಗಳು. ಎಳೆದಾಡಿದಂತೆ ಜರುಗುವ ನಕ್ಷೆ ಜನಸಾಮಾನ್ಯರ ಕೈಗೆ ಬಂತು. ಸಾಲುಗಳನ್ನು ಮೇಲಿನಿಂದ ಎಣಿಸುವುದು ಗೂಗಲ್ ಪದ್ಧತಿ, ಕೆಳಗಿನಿಂದ ಎಣಿಸುವುದು ಟಿಎಂಎಸ್ ಎಂಬ ಇನ್ನೊಂದು ಪದ್ಧತಿ. ಬಿಲ್ಲೆಗಳು ಬಂದಿದ್ದರೂ ಉತ್ತರ ದಕ್ಷಿಣಗಳು ಕಲಸಿಹೋಗಿದ್ದರೆ ಕಾರಣ ಇದೇ.

ಅದೇ ವರ್ಷದ ಮೇ ತಿಂಗಳಲ್ಲಿ, ಗೂಗಲ್ ತನ್ನ ನಕ್ಷೆಯನ್ನು ಬೇರೆಯವರು ಬಳಸುವ ಅಧಿಕೃತ ದಾರಿ ತೆರೆಯುವ ಮೊದಲೇ, ಏಡ್ರಿಯನ್ ಹೊಲೊವಾಟಿ ಎಂಬ ಪತ್ರಕರ್ತ ಪ್ರೋಗ್ರಾಮರ್ ಶಿಕಾಗೊ ನಗರದ ಅಪರಾಧ ವರದಿಗಳನ್ನು ಆ ನಕ್ಷೆಯ ಮೇಲೆ ಗುರುತಿಸಿ ತೋರಿಸಿದರು. ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯ ವೆಬ್ ವಿಭಾಗದಲ್ಲಿ ಸೈಮನ್ ವಿಲಿಸನ್ ಜೊತೆ ಅವರು ರೂಪಿಸಿದ್ದ, ವೆಬ್ ತಾಣ ಕಟ್ಟುವ ಪೈಥಾನ್ ಫ್ರೇಮ್‌ವರ್ಕ್, ಜ್ಯಾಂಗೋ ಎಂಬ ಹೆಸರಿನಲ್ಲಿ 2005ರ ಜುಲೈಯಲ್ಲಿ ಸಾರ್ವಜನಿಕವಾಯಿತು. ಸುದ್ದಿಮನೆಯಲ್ಲಿ ಹುಟ್ಟಿದ ಫ್ರೇಮ್‌ವರ್ಕ್ ಭೂಪಟದತ್ತ ಹೊರಳಿದ್ದು ಸಹಜವೇ. ಎಲ್ಲಿ ನಡೆಯಿತು ಎಂಬುದು ಸುದ್ದಿಯ ಅರ್ಧ ಭಾಗ. ಜಸ್ಟಿನ್ ಬ್ರಾನ್ ಮುಂದಾಳುತನದಲ್ಲಿ ಬೆಳೆದ ಜಿಯೋಜ್ಯಾಂಗೋ ಎಂಬ ಭೂದತ್ತಾಂಶದ ವಿಸ್ತರಣೆ, 2008ರ ಸೆಪ್ಟೆಂಬರಿನಲ್ಲಿ ಬಂದ ಜ್ಯಾಂಗೋ 1.0ರ ಭಾಗವಾಯಿತು. ಜಿಲ್ಲೆಯ ಗಡಿಯನ್ನೋ ಬಸ್ ನಿಲ್ದಾಣದ ಬಿಂದುವನ್ನೋ ಹೆಸರು, ದಿನಾಂಕಗಳಂತೆ ಒಂದು ಸಾಮಾನ್ಯ ಕ್ಷೇತ್ರವಾಗಿ ಇಟ್ಟುಕೊಂಡು, ಈ ಗಡಿಯೊಳಗಿನ ನಿಲ್ದಾಣಗಳನ್ನೆಲ್ಲ ಕೊಡು ಎಂದು ಒಂದೇ ಸಾಲಿನಲ್ಲಿ ಕೇಳಲು ಅದು ಅನುವು ಮಾಡಿತು. ಮುಕ್ತ ಭೂದತ್ತಾಂಶದ ದೊಡ್ಡ ತಾಣವಾದ ಓಪನ್‌ಸ್ಟ್ರೀಟ್‌ಮ್ಯಾಪ್ ರೂಬಿ ಆನ್ ರೈಲ್ಸ್ ಎಂಬ ಬೇರೊಂದು ಫ್ರೇಮ್‌ವರ್ಕಿನ ಮೇಲೆ ನಿಂತಿತು.

ಜಿಯೋಜ್ಯಾಂಗೋ ಕಲಿಯುವವರಿಗೆ ಬಾಗಿಲಲ್ಲೇ ಎದುರಾಗುವ ದೋಷವೊಂದಿದೆ: ಜಿಡಾಲ್ ಗ್ರಂಥಾಲಯ ಸಿಗಲಿಲ್ಲ. ಜಿಡಾಲ್ ಎಂದರೆ ಫ್ರಾಂಕ್ ವಾರ್ಮರ್‌ಡ್ಯಾಮ್ 1998ರಲ್ಲಿ ಆರಂಭಿಸಿದ, ಭೂದತ್ತಾಂಶದ ನಾನಾ ಕಡತಗಳನ್ನು ಓದಿಕೊಡುವ ಗ್ರಂಥಾಲಯ. ಅದು ಪೈಥಾನಿನದಲ್ಲ. ಜಿಯೋಜ್ಯಾಂಗೋ ಅದನ್ನು ತನ್ನೊಳಗೆ ಸೇರಿಸಿಕೊಳ್ಳದೆ, ಓಡುವ ಹೊತ್ತಿನಲ್ಲಿ ಯಂತ್ರದಲ್ಲಿ ಹುಡುಕಿ ಎತ್ತಿಕೊಳ್ಳುತ್ತದೆ. ಹುಡುಕಬೇಕಾದ ಹೆಸರುಗಳ ಪಟ್ಟಿ ಜ್ಯಾಂಗೋದ ಒಳಗಿದೆ. ಯಂತ್ರದಲ್ಲಿರುವ ಜಿಡಾಲ್ ಆ ಪಟ್ಟಿಗಿಂತ ಹೊಸದಾದರೆ, ಅದರಲ್ಲೂ ವಿಂಡೋಸ್‌ನಲ್ಲಿ, ಎದುರಿಗಿದ್ದರೂ ಕಾಣುವುದಿಲ್ಲ. ಸೆಟ್ಟಿಂಗ್ಸ್ ಕಡತದಲ್ಲಿ ಗ್ರಂಥಾಲಯದ ಪೂರ್ಣ ದಾರಿಯನ್ನು ಬರೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. 32 ಬಿಟ್ ಪೈಥಾನಿಗೆ 64 ಬಿಟ್ ಗ್ರಂಥಾಲಯ ಸಿಕ್ಕಿದ್ದರೆ ಮಾತ್ರ ದಾರಿ ಬರೆದೂ ಫಲವಿಲ್ಲ. ಇದರ ಬೆನ್ನಿಗೇ ಬರುವ ಇನ್ನೊಂದು ದೋಷ, ದತ್ತಸಂಚಯದಲ್ಲಿ ಜಿಯಾಮಿಟ್ರಿ ಎಂಬ ಪ್ರಕಾರವೇ ಇಲ್ಲ ಎಂಬುದು. ಪೋಸ್ಟ್‌ಜಿಐಎಸ್ ಯಂತ್ರದಲ್ಲಿ ಇದ್ದರೆ ಸಾಲದು, ಪ್ರತಿ ದತ್ತಸಂಚಯದಲ್ಲೂ ಅದನ್ನು ಬೇರೆಯಾಗಿ ಚಾಲನೆಗೊಳಿಸಬೇಕು. ಹಿಂದೆ ಇದಕ್ಕೆ ಉದ್ದುದ್ದ ಕಡತಗಳನ್ನು ಓಡಿಸಬೇಕಿತ್ತು. 2012ರ ಪೋಸ್ಟ್‌ಜಿಐಎಸ್ 2.0ರಿಂದ ಒಂದೇ ಆಜ್ಞೆ ಸಾಕು.

ಬ್ರೌಸರ್ ಕಡೆಯ ಕಥೆ 2006ರಲ್ಲಿ ಮೆಟಾಕಾರ್ಟಾ ಸಂಸ್ಥೆ ಬಿಡುಗಡೆ ಮಾಡಿದ ಓಪನ್‌ಲೇಯರ್ಸ್ ಎಂಬ ಜಾವಾಸ್ಕ್ರಿಪ್ಟ್ ಗ್ರಂಥಾಲಯದ್ದು. ಚಿತ್ರ ಬಾರದೆ ಹೋದ ಜಾಗವನ್ನು ಅದರ ಹಳೆಯ ಆವೃತ್ತಿಗಳು ಗುಲಾಬಿ ಬಣ್ಣದಿಂದ ತುಂಬುತ್ತಿದ್ದವು. ಪರದೆಯ ತುಂಬ ಗುಲಾಬಿ ಚೌಕಗಳನ್ನು ನೋಡದ ನಕ್ಷೆಗಾರರು ಆ ಪೀಳಿಗೆಯಲ್ಲಿ ಇರಲಿಕ್ಕಿಲ್ಲ. ಬೇರೆ ಸರ್ವರಿನ ದತ್ತಾಂಶವನ್ನು ಓದಲು ಬ್ರೌಸರ್ ಬಿಡದ ಕಾರಣ, ತಮ್ಮದೇ ಸರ್ವರಿನಲ್ಲಿ ಒಂದು ಪ್ರಾಕ್ಸಿ ಪ್ರೋಗ್ರಾಂ ಇಟ್ಟು ಅದರ ಮೂಲಕ ತರಿಸಿಕೊಳ್ಳುವುದು ಆಗಿನ ರೂಢಿ. ಆ ಪ್ರಾಕ್ಸಿಯಲ್ಲಿ ಅನುಮತಿ ಪಡೆದ ವಿಳಾಸಗಳ ಪಟ್ಟಿಯೊಂದಿತ್ತು. ಅದರಲ್ಲಿ ತಮ್ಮ ಸರ್ವರನ್ನು ಸೇರಿಸಲು ಮರೆತು ದಿನಗಟ್ಟಲೆ ಒದ್ದಾಡಿದವರು ಅನೇಕರು. 2014ರಲ್ಲಿ ವೆಬ್ ಶಿಷ್ಟತೆಗಳ ಸಂಸ್ಥೆಯಾದ ಡಬ್ಲ್ಯು3ಸಿ ಶಿಫಾರಸು ಮಾಡಿದ ಕಾರ್ಸ್ ಎಂಬ ವ್ಯವಸ್ಥೆ, ಯಾರಿಗೆ ಓದಲು ಬಿಡಬೇಕು ಎಂಬ ಮಾತನ್ನು ದತ್ತಾಂಶ ಕೊಡುವ ಸರ್ವರಿಗೇ ಬಿಟ್ಟಿತು. ಆದ್ದರಿಂದ ಕಾರ್ಸ್ ದೋಷವನ್ನು ಬ್ರೌಸರಿನ ಕೋಡಿನಲ್ಲಿ ಹುಡುಕುವುದು ವ್ಯರ್ಥ. ತಿದ್ದಬೇಕಾದ್ದು ಸರ್ವರಿನ ಉತ್ತರದ ಶಿರೋನಾಮೆಯನ್ನು.

ಗೂಗಲ್ ಬಳಸಿದ ಪ್ರಕ್ಷೇಪಕ್ಕೂ ಒಂದು ಚರಿತ್ರೆಯಿದೆ. ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ನಾವಿಕರಿಗಾಗಿ ಕೊಟ್ಟ ಪ್ರಕ್ಷೇಪವನ್ನು ತೆಗೆದುಕೊಂಡು, ಭೂಮಿಯನ್ನು ಪೂರ್ಣ ಗೋಲವೆಂದೇ ಎಣಿಸಿ ಲೆಕ್ಕವನ್ನು ಹಗುರ ಮಾಡಲಾಗಿತ್ತು. ಪ್ರಕ್ಷೇಪಗಳಿಗೆ ಸಂಖ್ಯೆ ಕೊಡುವ ಇಪಿಎಸ್‌ಜಿ ತಜ್ಞರು ಮೊದಲು ಇದನ್ನು ಅಂಗೀಕರಿಸಲಿಲ್ಲ. ಓಪನ್‌ಲೇಯರ್ಸ್ ಬಳಗ, ಗೂಗಲ್ ಹೆಸರಿನ ಅಕ್ಷರಗಳನ್ನು ಹೋಲುವ ಅಂಕಿಗಳಿಂದ 900913 ಎಂಬ ಸಂಖ್ಯೆಯನ್ನು ತಾನೇ ಕಟ್ಟಿಕೊಂಡಿತು. ಅಧಿಕೃತ ಪಟ್ಟಿಯಲ್ಲಿ ಇಲ್ಲದ ಸಂಖ್ಯೆಯಾದ್ದರಿಂದ ಪ್ರತಿ ದತ್ತಸಂಚಯದ ಕೋಷ್ಟಕಕ್ಕೂ ಅದನ್ನು ಕೈಯಾರೆ ಸೇರಿಸಬೇಕಾಗುತ್ತಿತ್ತು. ಕೊನೆಗೆ 3857 ಎಂಬ ಅಧಿಕೃತ ಸಂಖ್ಯೆ ಬಂದರೂ ಹಳೆಯ ಪಾಠಗಳನ್ನು ಓದಿ ಕಟ್ಟಿದ ತಾಣಗಳಲ್ಲಿ 900913 ಇನ್ನೂ ಸಿಗುತ್ತದೆ. ಇಂಥ ಪ್ರಕ್ಷೇಪವೇ ಇಲ್ಲ ಎಂಬ ಸಂದೇಶ ಬರುವುದು ಅಲ್ಲಿಂದ.

ಭೂಮಿಯ ಆಕಾರವನ್ನು ಬೇರೆಬೇರೆಯಾಗಿ ಎಣಿಸುವ ಸಮಸ್ಯೆಗೆ ಭಾರತದ ನಕ್ಷೆಗಳಲ್ಲಿ ಇನ್ನೂ ಹಳೆಯ ಬೇರಿದೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯನ್ನು ಸರಪಳಿಯಿಂದ ಅಳೆದರು. ಮುಂದೆ ಬೆಳೆದ ಮಹಾ ತ್ರಿಕೋನಮಿತಿಯ ಸರ್ವೇಕ್ಷಣೆಯ ಅಳತೆಗಳಿಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರವನ್ನು ಲೆಕ್ಕಹಾಕಿದರು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ನಕ್ಷೆಗಳು ಈ ಎವರೆಸ್ಟ್ ಗೋಳಾಭವನ್ನೇ ನೆಚ್ಚಿದವು. ಅದರ ಸಮಭಾಜಕ ತ್ರಿಜ್ಯ ಇಂದಿನ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84ಕ್ಕಿಂತ ಸುಮಾರು 861 ಮೀಟರ್ ಚಿಕ್ಕದು. ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿ, ಅದು ಡಬ್ಲ್ಯುಜಿಎಸ್ 84ರಲ್ಲಿದೆ ಎಂದು ಸರ್ವರಿಗೆ ಹೇಳಿಬಿಟ್ಟರೆ ಕೆರೆ, ದಾರಿ, ಗಡಿಗಳೆಲ್ಲ ಒಟ್ಟಾಗಿ ಪಕ್ಕಕ್ಕೆ ಸರಿದು ಕೂರುತ್ತವೆ. ಆಕೃತಿಗೆ ಅಂಟಿದ ವ್ಯವಸ್ಥೆಯ ಸಂಖ್ಯೆ ಎಂಬ ಚೀಟಿಯನ್ನು ಬದಲಿಸುವುದು ಬೇರೆ, ನಿರ್ದೇಶಾಂಕವನ್ನು ಪರಿವರ್ತಿಸುವುದು ಬೇರೆ. ಪೋಸ್ಟ್‌ಜಿಐಎಸ್‌ನಲ್ಲಿ ಇವೆರಡಕ್ಕೂ ಎರಡು ಆಜ್ಞೆಗಳಿವೆ, ಒಂದರ ಬದಲು ಇನ್ನೊಂದನ್ನು ಬಳಸುವುದು ಬಹಳ ಸಾಮಾನ್ಯವಾದ ತಪ್ಪು. 2009ರ ಆಗಸ್ಟಿನಲ್ಲಿ ಇಸ್ರೋ ಭುವನ್ ತಾಣವನ್ನು ತೆರೆದ ಮೇಲೆ ದೇಶದ ಉಪಗ್ರಹ ಚಿತ್ರಗಳ ಮೇಲೆ ತಮ್ಮ ಗಡಿಗಳನ್ನು ಇಟ್ಟು ಈ ಸರಿಯುವಿಕೆಯನ್ನು ಕಣ್ಣಾರೆ ನೋಡಲು ಸಾಧ್ಯವಾಯಿತು.

ನಿರ್ದೇಶಾಂಕದ ಅದಲುಬದಲು 2019ರಲ್ಲಿ ಮರಳಿ ಬಂತು. ಪ್ರಾಜ್ 6 ಮತ್ತು ಜಿಡಾಲ್ 3 ಅಧಿಕೃತ ಕ್ರಮವನ್ನೇ, ಅಂದರೆ 4326ಕ್ಕೆ ಅಕ್ಷಾಂಶ ಮೊದಲು ಎಂಬುದನ್ನೇ ಪಾಲಿಸತೊಡಗಿದವು. ಒಂದಕ್ಷರವೂ ಬದಲಾಗದ ಕೋಡ್ ಯಂತ್ರದ ನವೀಕರಣದ ಮರುದಿನ ತಪ್ಪು ಜಾಗ ತೋರಿಸಿತು. ಜ್ಯಾಂಗೋ 2020ರ 3.1 ಆವೃತ್ತಿಯಲ್ಲಿ ಇದಕ್ಕೆ ಹೊಂದಿಕೊಂಡಿತು.

ಕನ್ನಡದ ಹೆಸರುಗಳ ಪಾಡು ಬೇರೆಯದೇ. ಭೂದತ್ತಾಂಶವನ್ನು ಇಡುವ ಶೇಪ್‌ಫೈಲ್ ಎಂಬ ಕಡತದ ಹಳೆಯ ಕೋಷ್ಟಕಗಳು ಯೂನಿಕೋಡನ್ನು ಊಹಿಸಿರಲಿಲ್ಲ. ಸಂಕೇತನವನ್ನು ಯುಟಿಎಫ್-8 ಎಂದು ಹೇಳದಿದ್ದರೆ ಊರಿನ ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಖಾಲಿ ಚೌಕಗಳು ಬಂದರೆ ಸರ್ವರಿನಲ್ಲಿ ಕನ್ನಡ ಫಾಂಟ್ ಇಲ್ಲ. ಎರಡನ್ನೂ ಸರಿಪಡಿಸಿದರೂ ಚಿಕ್ಕಮಗಳೂರು ಚಿಕ್‌ಕಮಗಳೂರು ಆಗುತ್ತಿತ್ತು, ಮಂಡ್ಯದ ಯಕಾರ ಡಕಾರದ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಲ್ಲುತ್ತಿತ್ತು. ಅಕ್ಷರಗಳನ್ನು ಕೂಡಿಸಿ ಒತ್ತಕ್ಷರ ಕಟ್ಟುವ ಕೆಲಸ ನಕ್ಷೆ ಬರೆಯುವ ತಂತ್ರಾಂಶಗಳಿಗೆ ಗೊತ್ತಿರಲಿಲ್ಲ. 2015ರಲ್ಲಿ ಮ್ಯಾಪ್‌ನಿಕ್ 3.0 ಮತ್ತು ಮ್ಯಾಪ್‌ಸರ್ವರ್ 7.0 ಎರಡೂ ಹಾರ್ಫ್‌ಬಝ್ ಎಂಬ ಅಕ್ಷರಜೋಡಣೆಯ ಗ್ರಂಥಾಲಯವನ್ನು ಅಳವಡಿಸಿಕೊಂಡವು. ಅಲ್ಲಿಂದ ಸರ್ವರ್ ಬರೆದ ಕನ್ನಡ ಓದುವಂತಾಯಿತು.

ಅಷ್ಟರಲ್ಲಿ ಬರೆಯುವ ಕೆಲಸವೇ ಸರ್ವರಿನಿಂದ ಜಾರತೊಡಗಿತ್ತು. 2014ರಲ್ಲಿ ಮ್ಯಾಪ್‌ಬಾಕ್ಸ್ ಸಂಸ್ಥೆ ಪ್ರಕಟಿಸಿದ ವೆಕ್ಟರ್ ಬಿಲ್ಲೆಯಲ್ಲಿ ಇರುವುದು ಚಿತ್ರವಲ್ಲ, ರೇಖೆಗಳ ಮತ್ತು ಹೆಸರುಗಳ ದತ್ತಾಂಶ. ಬಣ್ಣ ಹಚ್ಚಿ ಎಳೆಯುವುದು ಬ್ರೌಸರ್. 2017ರ ಪೋಸ್ಟ್‌ಜಿಐಎಸ್ 2.4 ಇಂಥ ಬಿಲ್ಲೆಗಳನ್ನು ದತ್ತಸಂಚಯದಿಂದ ನೇರವಾಗಿ ಕೊಡತೊಡಗಿದ್ದರಿಂದ ಫ್ರೇಮ್‌ವರ್ಕಿನ ಪಾಲಿಗೆ ಉಳಿದದ್ದು ಕೇಳಿದ್ದನ್ನು ದಾಟಿಸುವ ಕೆಲಸ. ದತ್ತಾಂಶವನ್ನು 3857ಕ್ಕೆ ಪರಿವರ್ತಿಸದೆ ಕಳಿಸಿದರೆ ಬಿಲ್ಲೆ ಖಾಲಿಯಾಗಿ ಬರುತ್ತದೆ, ದೋಷದ ಸಂದೇಶವೇ ಇರುವುದಿಲ್ಲ. ಈ ವ್ಯವಸ್ಥೆಯಲ್ಲಿ ಅಕ್ಷರರೂಪಗಳನ್ನು ಯೂನಿಕೋಡ್ ಸಂಖ್ಯೆಯ ಪ್ರಕಾರ 256ರ ಗುಂಪುಗಳಾಗಿ ತರಿಸಿಕೊಳ್ಳಲಾಗುತ್ತದೆ. ಕನ್ನಡ ಇರುವುದು 3072ರಿಂದ 3327ರ ಗುಂಪಿನಲ್ಲಿ. ಆದರೆ ಒತ್ತಕ್ಷರಕ್ಕೆ ಯೂನಿಕೋಡಿನಲ್ಲಿ ತನ್ನದೇ ಸಂಖ್ಯೆ ಇಲ್ಲ, ಆದ್ದರಿಂದ ಅದು ಯಾವ ಗುಂಪಿನಲ್ಲೂ ಬರುವುದಿಲ್ಲ. 2015ರಲ್ಲಿ ನೀಗಿದ್ದ ತೊಂದರೆ ಹೀಗೆ ಬ್ರೌಸರಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಹೆಸರುಗಳು ಸರಿಯಾಗಿ ಬರಲೇಬೇಕಾದ ಕಡೆ ರೇಖೆಗಳನ್ನು ವೆಕ್ಟರಾಗಿ ಬಿಟ್ಟು, ಕನ್ನಡ ಹೆಸರುಗಳ ಪದರವನ್ನು ಮಾತ್ರ ಹಾರ್ಫ್‌ಬಝ್ ಇರುವ ಸರ್ವರಿನಲ್ಲಿ ಚಿತ್ರವಾಗಿ ಬರೆಸಿ ಮೇಲೆ ಹೊದಿಸುವ ದಾರಿಯಿದೆ.